ಮುಖ ಎತ್ತುವ ಮುನ್ನ…

‘ಆ ನಟಿ ಫೇಸ್‌ಲಿಫ್ಟ್ ಮಾಡಿಸಿಕೊಂಡಿದ್ದಾಳಂತೆ’ ಎಂಬ ಮಾತು ನಮ್ಮ ಹಾಸ್ಟೆಲ್‌ನಲ್ಲಿ ವಾರಕ್ಕೊಮ್ಮೆಯಾದರೂ ಬರುತ್ತದೆ. ಏನನ್ನು ಎತ್ತುತ್ತಾರೆ ಎಂದು ಕೇಳಿದರೆ ಮಾತ್ರ ಎಲ್ಲರೂ ಸುಮ್ಮನಾಗುತ್ತಾರೆ. ಫಿಸಿಯೋಥೆರಪಿ ಓದುತ್ತಿರುವ ನನಗೆ ಮುಖದ ನರಗಳ ಪಾಠದ ಜೊತೆಗೇ ಈ ಕುತೂಹಲವೂ ಹುಟ್ಟಿಕೊಂಡಿತು.

ಇಪ್ಪತ್ತನೇ ಶತಮಾನದ ಆರಂಭದಲ್ಲಿ ವೈದ್ಯರು ಕಿವಿಯ ಬಳಿ ಚರ್ಮ ಕತ್ತರಿಸಿ, ಎಳೆದು ಹೊಲಿಯುತ್ತಿದ್ದರು. ಆದರೆ ಚರ್ಮ ಹಿಗ್ಗುವ ವಸ್ತು. ಸ್ವಲ್ಪ ಕಾಲಕ್ಕೇ ಮತ್ತೆ ಜೋತುಬೀಳುತ್ತಿತ್ತು. ಜಾಸ್ತಿ ಬಿಗಿದರೆ ಗಾಯದ ಗೆರೆ ಅಗಲವಾಗುತ್ತಿತ್ತು, ಮುಖ ಬಿರುಗಾಳಿಗೆ ಒಡ್ಡಿದಂತೆ ಕಾಣುತ್ತಿತ್ತು.

1970ರ ದಶಕದಲ್ಲಿ ಸ್ವೀಡನ್ನಿನ ಟಾರ್ಡ್ ಸ್ಕೂಗ್ ಚರ್ಮವನ್ನು ಅದರಡಿಯ ಪದರದ ಸಮೇತ ಎತ್ತಿದರು. 1976ರಲ್ಲಿ ಫ್ರಾನ್ಸಿನ ಮಿಟ್ಜ್ ಮತ್ತು ಪೆರೋನಿ ಆ ಪದರವನ್ನು ವಿವರವಾಗಿ ಗುರುತಿಸಿದರು. ಅದೇ ‘ಸ್ಮಾಸ್’. ರವಿಕೆಯ ಲೈನಿಂಗ್ ಸರಿಯಾಗಿ ಕೂತರೆ ಮೇಲಿನ ಬಟ್ಟೆ ತಾನಾಗಿ ಕೂರುತ್ತದಲ್ಲ, ಹಾಗೆ. ಭಾರವನ್ನು ಸ್ಮಾಸ್ ಹೊತ್ತರೆ ಚರ್ಮವನ್ನು ಬಿಗಿದು ಎಳೆಯಬೇಕಿಲ್ಲ. 1990ರಲ್ಲಿ ಅಮೆರಿಕದ ಸ್ಯಾಮ್ ಹಮ್ರಾ ಇನ್ನೂ ಆಳಕ್ಕಿಳಿದರು. ಅವರ ‘ಡೀಪ್ ಪ್ಲೇನ್’ ವಿಧಾನದಲ್ಲಿ ಸ್ಮಾಸ್‌ನ ಅಡಿಯಲ್ಲಿ ಬಿಡಿಸಿ, ಚರ್ಮ ಮತ್ತು ಪದರವನ್ನು ಒಟ್ಟಾಗಿ ಎತ್ತುತ್ತಾರೆ. ಯಾವ ವಿಧಾನ ಮೇಲು ಎಂಬ ವಾದ ಶಸ್ತ್ರವೈದ್ಯರಲ್ಲಿ ಇನ್ನೂ ಮುಗಿದಿಲ್ಲ.

ನನ್ನನ್ನು ಯೋಚನೆಗೆ ಹಚ್ಚಿದ್ದು ಈ ಆಳವೇ. ಕೆನ್ನೆಯಲ್ಲಿ ಸ್ಮಾಸ್‌ನ ಕೆಳಗೇ ಮುಖದ ನರದ ಕವಲುಗಳು ಹಾದುಹೋಗುತ್ತವೆ. ನಾವು ನಗುವುದು, ಕಣ್ಣು ಮುಚ್ಚುವುದು, ಹುಬ್ಬೇರಿಸುವುದು ಅವುಗಳಿಂದಲೇ. ಶಸ್ತ್ರಚಿಕಿತ್ಸೆಯಲ್ಲಿ ನರಕ್ಕೆ ಪೆಟ್ಟಾಗುವುದು ಅಪರೂಪ, ಆದರೂ ಹೆಚ್ಚಿನವು ತಿಂಗಳುಗಳಲ್ಲಿ ಸರಿಹೋಗುತ್ತವೆ. ಕೆಲವು ಹಾಗೇ ಉಳಿಯುತ್ತವೆ. ಚರ್ಮದಡಿ ರಕ್ತ ಕಟ್ಟಿಕೊಳ್ಳುವುದು ಇದಕ್ಕಿಂತ ಸಾಮಾನ್ಯ. ಸಿಗರೇಟು ಸೇದುವವರಲ್ಲಿ ಚರ್ಮಕ್ಕೆ ರಕ್ತ ಸಾಲದೆ ಅದು ಸಾಯುವ ಅಪಾಯ ಹೆಚ್ಚು.

ಎಲ್ಲ ಸರಿಹೋದರೂ ಜೋತುಬಿದ್ದ ಕೆನ್ನೆ, ದವಡೆ, ಕತ್ತು ಮಾತ್ರ ಸುಧಾರಿಸುತ್ತವೆ. ಬಿಸಿಲಿಗೆ ಬಂದ ಕಲೆ, ಸಣ್ಣ ಸುಕ್ಕು ಹೋಗುವುದಿಲ್ಲ. ವಯಸ್ಸೂ ನಿಲ್ಲುವುದಿಲ್ಲ.

ಹಾಗಾಗಿ ‘ಇಂಟರ್‌ವ್ಯೂಗೆ ಮುನ್ನ ಲಿಫ್ಟ್’ ಎಂದು ಆಸೆ ಹುಟ್ಟಿಸುವ ಜಾಹೀರಾತು ಕಂಡಾಗ ನಾನು ಕೇಳಿಕೊಳ್ಳುವುದು ಒಂದೇ: ಇಪ್ಪತ್ತೆರಡರ ಮುಖದಲ್ಲಿ ಜೋತುಬಿದ್ದಿರುವುದಾದರೂ ಏನು? ಅಪ್ಪನಿಗೋ ಅಮ್ಮನಿಗೋ ನಿಜಕ್ಕೂ ಬೇಕೆನಿಸಿದರೆ, ಮಾಡುವವರು ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್ ಅಥವಾ ಡಿಎನ್‌ಬಿ ಮಾಡಿದವರೇ ಎಂದು ವಿಚಾರಿಸಿ. ‘ಮುಂಚೆ–ನಂತರ’ದ ಫೋಟೊ ನೋಡುವಾಗ ಎರಡರಲ್ಲೂ ಬೆಳಕು, ಕತ್ತಿನ ಕೋನ ಒಂದೇ ಇದೆಯೇ ಗಮನಿಸಿ. ನಕ್ಕಾಗ ಮುಖ ಹೇಗಿದೆ ಎಂದೂ ಕೇಳಿ. ಮುಖ ಬಿಗಿಯಾದರಷ್ಟೇ ಸಾಲದು, ಅದು ನಗಲೂ ಬೇಕು.