ಡಬ್ಬಿ ಕೂಗಿತು, ದುಡ್ಡು ಯಾರಿಗೆ?

ಅಂಗಡಿಯವರು ಚಿಲ್ಲರೆ ಇಲ್ಲವೆಂದು ಕೈಗೆ ಚಾಕೊಲೇಟು ಹಾಕುತ್ತಿದ್ದ ಕಾಲ ನೆನಪಿದೆಯೇ? ಈಗಿನ ಮಕ್ಕಳಿಗೆ ಆ ಭಾಗ್ಯವಿಲ್ಲ. 19 ರೂಪಾಯಿ ಎಂದರೆ 19 ರೂಪಾಯಿಯೇ. ಮೊಬೈಲು ಹಿಡಿದರೆ ಸಾಕು, ಪಕ್ಕದ ಡಬ್ಬಿ ಕೂಗಿ ಹೇಳುತ್ತದೆ. ಮೂರು ದಶಕಕ್ಕೂ ಹೆಚ್ಚು ಕಾಲ ಬ್ಯಾಂಕಿನ ಕೌಂಟರಿನ ಹಿಂದೆ ಕೂತು ನೋಟು ಎಣಿಸಿದವನು ನಾನು. ಆ ದನಿ ಕೇಳಿದಾಗಲೆಲ್ಲ ಹಳೆಯ ಕಸುಬಿನ ಚಾಳಿಯಿಂದ ಒಂದು ಪ್ರಶ್ನೆ ಮನಸ್ಸಿಗೆ ಬರುತ್ತದೆ: ಹಣ ಬಂತು ಸರಿ, ಯಾರ ಖಾತೆಗೆ ಬಂತು?

ಉದ್ಯಮಿ ಎಂದೊಡನೆ ಕೋಟು ತೊಟ್ಟವರೇ ಕಣ್ಣಮುಂದೆ ಬರಬೇಕಾಗಿಲ್ಲ. ನಮ್ಮ ಬಡಾವಣೆಗೆ ತಳ್ಳುಗಾಡಿಯಲ್ಲಿ ಸೊಪ್ಪು ತರುವ ಹೆಂಗಸೂ ಉದ್ಯಮಿಯೇ. ನಸುಕಿನಲ್ಲೆದ್ದು ಮಾರುಕಟ್ಟೆಯಲ್ಲಿ ಬಂಡವಾಳ ಹಾಕುತ್ತಾಳೆ. ಮಧ್ಯಾಹ್ನದೊಳಗೆ ಮಾರಾಟವಾಗದಿದ್ದರೆ ಸರಕು ಬಾಡಿತು. ದೊಡ್ಡ ಕಂಪನಿಗೆ ನಷ್ಟ ಸುಧಾರಿಸಿಕೊಳ್ಳಲು ಒಂದು ವರ್ಷವಾದರೂ ಸಿಗುತ್ತದೆ, ಆಕೆಗೆ ಆರು ಗಂಟೆ.

ಇಂಥವರಿಗೆ ಹತ್ತು ವರ್ಷಗಳಲ್ಲಿ ಎರಡು ದೊಡ್ಡ ಪೆಟ್ಟು ಬಿದ್ದವು. 2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಯ ನೋಟುಗಳು ರದ್ದಾದವು. 2020ರ ಮಾರ್ಚ್ 25ರಿಂದ ದೇಶಕ್ಕೇ ಲಾಕ್‌ಡೌನ್. ಮೊದಲನೆಯದರಲ್ಲಿ ಗಿರಾಕಿಯ ಕೈಯಲ್ಲಿ ಚಲಾವಣೆಯಾಗುವ ನೋಟಿರಲಿಲ್ಲ. ಎರಡನೆಯದರಲ್ಲಿ ನೋಟಿದ್ದರೂ ಮುಟ್ಟಲು ಹೆದರಿಕೆ. ನೋಟು ರದ್ದಾಗುವುದಕ್ಕೆ ಕೆಲವೇ ತಿಂಗಳ ಮೊದಲು, 2016ರ ಏಪ್ರಿಲ್‌ನಲ್ಲಿ, ಯುಪಿಐ ಶುರುವಾಗಿತ್ತು. ಇನ್ನು ಗಾಡಿಗೆ ನೇತುಹಾಕುವ ಕ್ಯುಆರ್ ಕೋಡು ಇದಕ್ಕಾಗಿ ಹುಟ್ಟಿದ್ದೇ ಅಲ್ಲ. ಜಪಾನಿನ ಡೆನ್ಸೊ ವೇವ್ ಕಂಪನಿಯವರು 1994ರಲ್ಲಿ ಕಾರಿನ ಬಿಡಿಭಾಗಗಳ ಲೆಕ್ಕವಿಡಲು ಅದನ್ನು ಮಾಡಿಕೊಂಡರು. ಕಾರಿನ ನಟ್ಟು ಬೋಲ್ಟಿನ ಚೀಟಿ ನಮ್ಮ ಕೊತ್ತಂಬರಿ ಕಟ್ಟಿನವರೆಗೂ ಬಂತು!

ಆದರೂ ನನ್ನ ಮಟ್ಟಿಗೆ ಇದರಲ್ಲೆಲ್ಲ ಮೆಚ್ಚತಕ್ಕ ವಸ್ತು ಆ ಕೂಗುವ ಡಬ್ಬಿಯೇ. ಅದಿಲ್ಲದಾಗ ಗಿರಾಕಿ ಮೊಬೈಲಿನ ತೆರೆ ತೋರಿಸಿ "ಆಯ್ತಮ್ಮಾ" ಎಂದು ಹೊರಟುಬಿಡುತ್ತಿದ್ದ. ಸಂದಣಿಯಲ್ಲಿ ಅದನ್ನು ಓದುವುದಕ್ಕೆ ಪುರಸೊತ್ತೆಲ್ಲಿ? ಹಳೆಯ ಪಾವತಿಯ ಚಿತ್ರ ತೋರಿಸಿ ಟೋಪಿ ಹಾಕಿದವರೂ ಇದ್ದರು. ಯಾರ ಮೇಲೆ ಅನುಮಾನ ಪಡುವುದು, ಯಾರನ್ನು ನಂಬುವುದು ಎಂಬ ಕಿರಿಕಿರಿಯಲ್ಲೇ ದಿನ ಕಳೆಯುತ್ತಿತ್ತು. ಡಬ್ಬಿಯೊಳಗೆ ಅದರದೇ ಒಂದು ಸಿಮ್ ಕಾರ್ಡ್ ಇರುತ್ತದೆ. ಹಣ ಜಮೆಯಾದ ಸುದ್ದಿ ನೇರವಾಗಿ ಅದಕ್ಕೇ ಬಂದು, ಕನ್ನಡದಲ್ಲೇ ಮೊತ್ತ ಹೇಳುತ್ತದೆ. ಓದು ಬರಹ ಬೇಕಿಲ್ಲ. ಕಣ್ಣು ತಕ್ಕಡಿಯ ಮೇಲಿದ್ದರೂ ಕಿವಿ ಸಾಕು. ಹೊಸ ಯಂತ್ರಗಳು ಸಾಮಾನ್ಯವಾಗಿ ನಮ್ಮ ತಲೆಗೆ ಇನ್ನೊಂದು ಕೆಲಸ ಹೊರಿಸುತ್ತವೆ, ಈ ಡಬ್ಬಿ ಒಂದು ಕೆಲಸ ಇಳಿಸಿತು. ತಿಂಗಳ ಬಾಡಿಗೆ ಎಷ್ಟೆಂದು ಮಾತ್ರ ಮೊದಲೇ ಕೇಳಿಕೊಳ್ಳಬೇಕು.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ಸೊಪ್ಪಿನಾಕೆ ಒಂದು ದಿನ, "ಡಬ್ಬಿ ದಿನವಿಡೀ ಕೂಗ್ತದೆ ಸಾರ್, ತಿಂಗಳ ಕೊನೆಗೆ ಏನೂ ಇರಲ್ಲ" ಎಂದಳು. ವಿಚಾರಿಸಿದರೆ ಕೋಡು ಮಗನ ಖಾತೆಯದು. ಹುಡುಗ ಕೆಟ್ಟವನಲ್ಲ. ಆದರೆ ಅವನ ಬೈಕಿನ ಕಂತು ಪ್ರತಿ ತಿಂಗಳು ಅದೇ ಖಾತೆಯಿಂದ ತಾನಾಗಿ ಕಡಿತವಾಗುತ್ತಿತ್ತು. ನಗದಿನ ಕಾಲದಲ್ಲಿ ಸೆರಗಿನ ಗಂಟು ಆಕೆಯದೇ ಆಗಿತ್ತು, ಬಿಚ್ಚುವುದೂ ಆಕೆಯೇ. ಡಿಜಿಟಲ್ ಆದ ಮೇಲೆ ದುಡಿಮೆ ಆಕೆಯದು, ಗಂಟು ಇನ್ನೊಬ್ಬರದು. ಎಷ್ಟು ಮನೆಗಳಲ್ಲಿ ಹೀಗಿದೆಯೋ! ಸ್ಮಾರ್ಟ್‌ಫೋನ್ ಇರುವುದು ಮಗನ ಕೈಯಲ್ಲಿ ಅಥವಾ ಗಂಡನ ಕೈಯಲ್ಲಿ, ಕೋಡು ಮಾಡಿಸಿಕೊಟ್ಟವರೂ ಅವರೇ.

ಆಕೆಗೆ ಎಂದೋ ತೆರೆದಿದ್ದ ಜನಧನ ಖಾತೆ ಇತ್ತು, ವರ್ಷಗಟ್ಟಲೆ ಮುಟ್ಟದೆ ನಿಂತುಹೋಗಿತ್ತು. ಆಧಾರ್ ಹಿಡಿದು ಶಾಖೆಗೆ ಹೋಗಿ ಕೆವೈಸಿ ಕೊಟ್ಟಾಗ ಅದಕ್ಕೆ ಜೀವ ಬಂತು. ತನ್ನ ಹೆಸರಿನ ಸಿಮ್ಮಿನ ನಂಬರನ್ನು ಖಾತೆಗೆ ಸೇರಿಸಿ, ಹೊಸ ಕೋಡು ಮಾಡಿಸಿದಳು. ಮನೆಯಲ್ಲಿ ಒಂದೆರಡು ದಿನ ಮುನಿಸು ನಡೆಯಿತಂತೆ. ಅದರ ವಿವರ ನಾನು ಕೇಳಲಿಲ್ಲ.

ಖಾತೆಯಲ್ಲಿ ವ್ಯಾಪಾರದ ಗುರುತು ಉಳಿಯುವುದರಿಂದ ಇನ್ನೊಂದು ಲಾಭ. ಮಾರುಕಟ್ಟೆಯ ಕೈಸಾಲ ಹೇಗಿರುತ್ತದೆ ಗೊತ್ತೇ? ಬೆಳಿಗ್ಗೆ 900 ರೂಪಾಯಿ ಕೊಟ್ಟು ಸಂಜೆ 1000 ಕೇಳುತ್ತಾರೆ. ಮಕ್ಕಳೇ, ಲೆಕ್ಕ ಹಾಕಿ: ದಿನಕ್ಕೆ ನೂರಕ್ಕೆ 11 ರೂಪಾಯಿಗೂ ಮೇಲಾಯಿತು. ಬ್ಯಾಂಕು ವರ್ಷಕ್ಕೆ ಅಷ್ಟು ಬಡ್ಡಿ ಹಾಕಿದರೆ ನಾವು ಜಗಳಕ್ಕೇ ಹೋಗುತ್ತೇವೆ! 2020ರ ಜೂನ್‌ನಲ್ಲಿ ಬೀದಿ ವ್ಯಾಪಾರಿಗಳಿಗಾಗಿ ಬಂದ ಪಿಎಂ ಸ್ವನಿಧಿ ಯೋಜನೆಯಲ್ಲಿ ಆಗ ಮೊದಲ ಸಾಲ 10,000 ರೂಪಾಯಿವರೆಗೆ, ಅಡಮಾನವಿಲ್ಲದೆ ಸಿಗುತ್ತಿತ್ತು. ಸಕಾಲಕ್ಕೆ ಕಟ್ಟಿದರೆ ಶೇಕಡಾ 7ರ ಬಡ್ಡಿ ಸಹಾಯಧನ, ಡಿಜಿಟಲ್ ಪಾವತಿ ಪಡೆದರೆ ಸ್ವಲ್ಪ ಕ್ಯಾಶ್‌ಬ್ಯಾಕ್. ಸಂಜೆಯ ವಸೂಲಿಯವನ ಮುಖ ನೋಡಬೇಕಿಲ್ಲದ ನೆಮ್ಮದಿಗೆ ಮಾತ್ರ ಯಾವ ಸಹಾಯಧನವೂ ಸಮನಲ್ಲ.

ಮೋಸದ ವಿಷಯ ಬೇಗ ಹೇಳಿಬಿಡುತ್ತೇನೆ. ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ, ಯಾವ ಕೋಡನ್ನೂ ಸ್ಕ್ಯಾನ್ ಮಾಡಬೇಕಾಗಿಲ್ಲ. ಒತ್ತಿ ಎಂದವನು ಕಳ್ಳ. ನಿಮ್ಮ ಕೋಡಿನ ಮೇಲೆ ಬೇರೆ ಯಾರಾದರೂ ಚೀಟಿ ಅಂಟಿಸಿದ್ದಾರೆಯೇ ಎಂದು ಬೆಳಿಗ್ಗೆ ಒಮ್ಮೆ ನೋಡಿಕೊಳ್ಳಿ. ಹಣ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಆ ಗುರುತೇ ಭಯಕ್ಕೂ ಕಾರಣವಾದದ್ದುಂಟು. 2025ರ ಜುಲೈನಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಗಳನ್ನು ನೋಡಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಕಳಿಸಿತು. ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಕೋಡು ಮಾಯವಾಗಿ "ನಗದು ಮಾತ್ರ" ಎಂಬ ಬರಹ ಬಂತು. ನಿಯಮ ಇಷ್ಟೇ: ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ, ಸೇವೆಯಾದರೆ 20 ಲಕ್ಷ ದಾಟಿದರೆ ನೋಂದಣಿ ಬೇಕು. ತಾಜಾ ತರಕಾರಿ, ಸೊಪ್ಪಿಗೆ ಜಿಎಸ್‌ಟಿ ಇಲ್ಲ. ತೊಡಕಾದದ್ದು ಇಲ್ಲಿ: ಅಣ್ಣ ಕೊಟ್ಟ ಕೈಸಾಲ, ಚೀಟಿ ಹಣ, ಮಗಳು ಕಳಿಸಿದ ಖರ್ಚು, ಎಲ್ಲವೂ ವ್ಯಾಪಾರದ ಖಾತೆಯಲ್ಲೇ ಬೆರೆತಿತ್ತು. ಖಾತೆ ನೋಡುವವನಿಗೆ ಅದು ಸೊಪ್ಪಿನ ಹಣವೋ ಅಕ್ಕನ ಹಣವೋ ಹೇಗೆ ತಿಳಿಯಬೇಕು? ಬಡವರಿಗೆ ಮೊದಲು ತಿಳಿಹೇಳಿ ಆಮೇಲೆ ನೋಟಿಸು ಕಳಿಸಿದ್ದರೆ ಅಷ್ಟು ಗಾಬರಿ ಆಗುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಸೊಪ್ಪಿನಾಕೆಯೂ ಹೆದರಿ ಕೋಡಿನ ರಟ್ಟನ್ನು ಎರಡು ದಿನ ಗೋಣಿಯಡಿ ಬಚ್ಚಿಟ್ಟಿದ್ದಳು. ಗಿರಾಕಿಗಳ ಬಳಿ ನಗದೇ ಇಲ್ಲದೆ ಮೂರನೆಯ ದಿನ ಹೊರತೆಗೆದಳು. ಈಗ ಏಳನೆಯ ತರಗತಿಯ ಮೊಮ್ಮಗಳು ಭಾನುವಾರ ಕೂತು ಖಾತೆಯ ವಿವರ ಓದಿ, ಸೊಪ್ಪಿನ ಹಣ ಒಂದು ಪುಟಕ್ಕೆ, ಮನೆಯ ಹಣ ಇನ್ನೊಂದು ಪುಟಕ್ಕೆ ಬರೆಯುತ್ತಾಳೆ. ಗೆರೆಗಳು ಸ್ವಲ್ಪ ಸೊಟ್ಟ. ಮೊತ್ತ ಸರಿಯಾಗಿದೆ, ನಾನೇ ಕೂಡಿ ನೋಡಿದ್ದೇನೆ.