ಮಾತು, ನೋಟ, ಜಾಲ: ಮನೆಯ ಖರ್ಚಿನಲ್ಲಿ ಮಿತವ್ಯಯ

ಕಿರಾಣಿ ಅಂಗಡಿಯ ಚೀಟಿಯನ್ನು ಎರಡೆರಡು ಸಲ ಕೂಡಿ ನೋಡುವ ಗೃಹಸ್ಥನು ದೂರವಾಣಿ, ದೂರದರ್ಶನ, ಅಂತರ್ಜಾಲಗಳಿಗಾಗಿ ತೆರುವ ಹಣವನ್ನು ಮಾತ್ರ ಒಂದು ಸಲವೂ ಕೂಡಿ ನೋಡುವುದಿಲ್ಲ. ಕಾರಣ ಸ್ಪಷ್ಟವಾಗಿದೆ. ಅಕ್ಕಿ ಬೇಳೆಯ ಹಣ ಒಮ್ಮೆಲೇ ಕೈಬಿಟ್ಟು ಹೋಗುತ್ತದೆ, ಕಣ್ಣಿಗೆ ಕಾಣುತ್ತದೆ. ಇವುಗಳ ಹಣವಾದರೋ ಇಂದು ಮುನ್ನೂರು, ನಾಳೆ ಇನ್ನೂರು, ಮುಂದಿನ ವಾರ ನೂರೈವತ್ತು ಎಂಬಂತೆ ಬೇರೆ ಬೇರೆ ದಿನ, ಬೇರೆ ಬೇರೆಯವರ ಕೈಯಿಂದ, ಸದ್ದಿಲ್ಲದೆ ಹೋಗುತ್ತದೆ. ಹನಿಗೂಡಿ ಹಳ್ಳವೆಂಬ ಗಾದೆ ಉಳಿತಾಯಕ್ಕೆ ಹೇಗೋ ಸೋರಿಕೆಗೂ ಹಾಗೆಯೇ ಅನ್ವಯಿಸುತ್ತದೆ.

ಪುಣೆಯ ಕನ್ನಡಿಗರಿಗೆ ಈ ಖರ್ಚು ಹೊಸದೇನಲ್ಲ. ಮುಂಬಯಿಯಲ್ಲಿ 1972ರ ಅಕ್ಟೋಬರ್ 2ರಂದು ದೂರದರ್ಶನ ಕೇಂದ್ರ ಆರಂಭವಾಗಿ, ಮರುವರ್ಷ ಅದರ ಕಾರ್ಯಕ್ರಮಗಳು ಪುಣೆಗೂ ಮರುಪ್ರಸಾರವಾಗತೊಡಗಿದವು. ಆಗ ಅಂಚೆ ಕಚೇರಿಯಲ್ಲಿ ವರ್ಷಕ್ಕೊಮ್ಮೆ ಲೈಸನ್ಸು ಶುಲ್ಕ ಕಟ್ಟಿದರೆ ಮುಗಿಯಿತು; ಆ ಶುಲ್ಕವೂ 1980ರ ದಶಕದ ನಡುವಿನಲ್ಲಿ ರದ್ದಾಯಿತು. ಧಾರವಾಡಕ್ಕೋ ವಿಜಾಪುರಕ್ಕೋ ಮಾತನಾಡಬೇಕಾದರೆ, ರಾತ್ರಿಯ ಹೊತ್ತು ದರ ಇಳಿಯುತ್ತಿದ್ದುದರಿಂದ, ಊಟ ಮುಗಿಸಿ ಎಸ್‌.ಟಿ.ಡಿ. ಬೂತಿನ ಮುಂದೆ ಸಾಲುಗಟ್ಟಿ ನಿಲ್ಲುತ್ತಿದ್ದುದನ್ನು ನಮ್ಮ ಪೀಳಿಗೆಯವರು ಮರೆತಿರಲಾರರು. ಗೋಡೆಯ ಮೇಲಿನ ಯಂತ್ರದಲ್ಲಿ ಕೆಂಪು ಅಂಕಿಗಳು ಏರುತ್ತಿದ್ದಂತೆ ಮಾತು ತಾನಾಗಿಯೇ ಚಿಕ್ಕದಾಗುತ್ತಿತ್ತು. ದೇಶದ ಯಾವ ಮೂಲೆಗಾದರೂ ನಿಮಿಷಕ್ಕೆ ಒಂದು ರೂಪಾಯಿ ಎಂಬ ಯೋಜನೆಯನ್ನು ಸರಕಾರಿ ದೂರವಾಣಿ ಸಂಸ್ಥೆಗಳು ತಂದದ್ದು 2006ರಲ್ಲಿ. ಇಂದು ಮಾತಿಗೆ ಪ್ರತ್ಯೇಕ ಬೆಲೆಯೇ ಇಲ್ಲದಂತಾಗಿದೆ. ಆದರೂ ಒಟ್ಟು ಖರ್ಚು ಇಳಿದಿಲ್ಲ. ಕಣ್ಣ ಮುಂದೆ ಏರುತ್ತಿದ್ದ ಆ ಕೆಂಪು ಅಂಕಿಗಳು ಮಾಯವಾದುದೇ ಇದಕ್ಕೆ ಒಂದು ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ.

ಮೊದಲು ಲೆಕ್ಕ

ಬ್ಯಾಂಕಿನ ವ್ಯವಹಾರದಲ್ಲಿ ಯಾವ ಸಲಹೆಯೂ ಖಾತೆಯ ತಃಖ್ತೆಯನ್ನು ನೋಡದೆ ಹುಟ್ಟುವುದಿಲ್ಲ. ಇಲ್ಲಿಯೂ ಹಾಗೆಯೇ. ಹಿಂದಿನ ಹನ್ನೆರಡು ತಿಂಗಳ ಪಾಸ್‌ಬುಕ್ಕನ್ನು ಮುಂದಿಟ್ಟುಕೊಂಡು, ಈ ಮೂರು ಸೇವೆಗಳಿಗೆ ಸಂಬಂಧಿಸಿದ ಪ್ರತಿಯೊಂದು ನಮೂದನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಮನೆಯ ಎಲ್ಲ ಸದಸ್ಯರ ಖಾತೆಗಳನ್ನೂ ಸೇರಿಸಬೇಕು. ತಿಂಗಳ ಲೆಕ್ಕ ಬೇಡ, ವರ್ಷದ ಲೆಕ್ಕವನ್ನೇ ಮಾಡಬೇಕು. ಏಕೆಂದರೆ ಈ ವ್ಯವಹಾರದಲ್ಲಿ ತಿಂಗಳೆಂಬುದು ಪಂಚಾಂಗದ ತಿಂಗಳಲ್ಲ.

ಮೊಬೈಲಿನ ಅನೇಕ ಯೋಜನೆಗಳ ಅವಧಿ 28 ದಿನ. ವರ್ಷದ 365 ದಿನಗಳನ್ನು 28ರಿಂದ ಭಾಗಿಸಿದರೆ ಹದಿಮೂರು ಬಾರಿ ಹಣ ತುಂಬಬೇಕಾಗುತ್ತದೆ. ಅಂದರೆ ಹನ್ನೆರಡು ತಿಂಗಳ ವರ್ಷದಲ್ಲಿ ಹದಿಮೂರನೆಯ ತಿಂಗಳೊಂದನ್ನು ನಾವು ಅರಿಯದೆಯೇ ತೆರುತ್ತೇವೆ. ಈ ಬಗ್ಗೆ ದೂರುಗಳು ಬಂದ ಮೇಲೆ, 30 ದಿನಗಳ ಅವಧಿಯ ಯೋಜನೆಯನ್ನೂ ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಿಸಬಹುದಾದ ಯೋಜನೆಯನ್ನೂ ಪ್ರತಿಯೊಂದು ಕಂಪನಿಯು ಇಟ್ಟಿರಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು, ಅಂದರೆ ಟ್ರಾಯ್, 2022ರ ಜನವರಿಯಲ್ಲಿ ಆದೇಶಿಸಿತು. ಯಾವ ಯೋಜನೆಯನ್ನೇ ಕೊಳ್ಳಲಿ, ಅದರ ಬೆಲೆಯನ್ನು ದಿನಗಳಿಂದ ಭಾಗಿಸಿ ದಿನವೊಂದರ ದರವನ್ನು ಕಂಡುಕೊಳ್ಳುವುದು ಕ್ಷೇಮ.

ಯಾರಿಗೆ ಏನು ಬೇಕು?

ಮನೆಯಲ್ಲಿ ತಂತಿಯ ಅಂತರ್ಜಾಲವಿದ್ದು, ನಾಲ್ವರ ಮೊಬೈಲಿಗೂ ದಿನಕ್ಕೆ ಒಂದೂವರೆ ಎರಡು ಜಿ.ಬಿ. ಡೇಟಾದ ಯೋಜನೆಯನ್ನೇ ಹಾಕಿಸುವುದು ಸಾಮಾನ್ಯ ದೃಶ್ಯ. ಮನೆಯಲ್ಲಿರುವಷ್ಟು ಹೊತ್ತು ಫೋನು ವೈಫೈಯನ್ನೇ ಬಳಸುತ್ತದೆ. ಬಳಸದೆ ಉಳಿದ ದಿನದ ಡೇಟಾ ಮಧ್ಯರಾತ್ರಿಗೆ ವ್ಯರ್ಥವಾಗುತ್ತದೆ. ಫೋನಿನ ಸೆಟ್ಟಿಂಗ್ಸಿನಲ್ಲಿ ತಿಂಗಳಿಗೆ ಎಷ್ಟು ಮೊಬೈಲ್ ಡೇಟಾ ಖರ್ಚಾಯಿತೆಂಬುದು ದಾಖಲಾಗಿರುತ್ತದೆ. ಅದನ್ನು ನೋಡಿ ನಿರ್ಧರಿಸಬೇಕೇ ಹೊರತು ಅಂದಾಜಿನ ಮೇಲಲ್ಲ.

ಕೀಲಿಮಣೆಯ ಸಾದಾ ಫೋನನ್ನು ಬಳಸುವ ಅಜ್ಜಿಗೆ ಡೇಟಾ ಏತಕ್ಕೆ? ಇಂಥವರಿಗಾಗಿ ಮಾತು ಮತ್ತು ಸಂದೇಶಗಳಿಗೆ ಮಾತ್ರ ಸೀಮಿತವಾದ ಯೋಜನೆಗಳಿರಬೇಕೆಂದೂ, ವಿಶೇಷ ಯೋಜನೆಗಳ ಅವಧಿ 365 ದಿನಗಳವರೆಗೆ ಇರಬಹುದೆಂದೂ ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿತು. ಅದರಂತೆ 2025ರ ಜನವರಿಯಲ್ಲಿ ದೊಡ್ಡ ಕಂಪನಿಗಳು ಅಂಥ ಯೋಜನೆಗಳನ್ನು ಪ್ರಕಟಿಸಿದವು. ಅಂಗಡಿಯವನು ತಾನಾಗಿ ಇವನ್ನು ತೋರಿಸದಿರಬಹುದು, ನಾವೇ ಕೇಳಬೇಕು.

ಸೇವೆಯೋ ದರವೋ ಸರಿಬರದಿದ್ದರೆ ಸಂಖ್ಯೆಯನ್ನು ಉಳಿಸಿಕೊಂಡೇ ಕಂಪನಿಯನ್ನು ಬದಲಿಸುವ ಸೌಲಭ್ಯ 2011ರ ಜನವರಿಯಿಂದ ದೇಶದಾದ್ಯಂತ ಇದೆ. 2015ರ ಜುಲೈಯಿಂದ ಕರ್ನಾಟಕದ ಸಂಖ್ಯೆಯನ್ನು ಮಹಾರಾಷ್ಟ್ರದ ವಲಯಕ್ಕೂ ತರಬಹುದಾಗಿದೆ. ವಿಧಾನ ಸುಲಭ: ಪೋರ್ಟ್ ಎಂಬ ಇಂಗ್ಲಿಷ್ ಪದವನ್ನೂ ತಮ್ಮ ಸಂಖ್ಯೆಯನ್ನೂ ಬರೆದು 1900ಕ್ಕೆ ಸಂದೇಶ ಕಳುಹಿಸಿದರೆ ಒಂದು ಸಂಕೇತ ಬರುತ್ತದೆ. ಅದು ನಮ್ಮಲ್ಲಿ ನಾಲ್ಕು ದಿನಗಳವರೆಗೆ ಊರ್ಜಿತ. ಗುರುತಿನ ದಾಖಲೆಯೊಂದಿಗೆ ಹೊಸ ಕಂಪನಿಗೆ ಅದನ್ನು ಕೊಡಬೇಕು. ಈಗಿನ ಕಂಪನಿಯಲ್ಲಿ 90 ದಿನ ಕಳೆದಿರಬೇಕು, ಹಳೆಯ ಬಾಕಿ ಇರಬಾರದು.

ಕನ್ನಡ ವಾಹಿನಿಗಳ ಬೆಲೆ

ದೂರದರ್ಶನದ ವಿಷಯದಲ್ಲಿ ಹೊರನಾಡ ಕನ್ನಡಿಗರ ಸ್ಥಿತಿ ಸ್ವಲ್ಪ ಬೇರೆ. ಪುಣೆಯಲ್ಲಿ ಕೇಬಲಿನವರು ಕೊಡುವ ಸಾಮಾನ್ಯ ಪ್ಯಾಕಿನಲ್ಲಿ ಹಿಂದಿ ಮರಾಠಿ ವಾಹಿನಿಗಳು ತುಂಬಿರುತ್ತವೆ. ಕನ್ನಡ ಬೇಕೆಂದರೆ ದಕ್ಷಿಣದ ನಾಲ್ಕು ಭಾಷೆಗಳನ್ನೂ ಸೇರಿಸಿದ ಮತ್ತೊಂದು ಪ್ಯಾಕನ್ನು ಮುಂದಿಡುವುದುಂಟು. ಮೂರು ಕನ್ನಡ ವಾಹಿನಿಗಳಿಗಾಗಿ ಮೂವತ್ತು ಪರಭಾಷಾ ವಾಹಿನಿಗಳ ಭಾರವನ್ನು ಹೊರಬೇಕೆ?

ಬೇಕಾಗಿಲ್ಲ. ಟ್ರಾಯ್ 2017ರಲ್ಲಿ ಹೊರಡಿಸಿ 2019ರಲ್ಲಿ ಪೂರ್ಣವಾಗಿ ಜಾರಿಗೆ ಬಂದ ದರ ವ್ಯವಸ್ಥೆಯ ಮೇರೆಗೆ, ಪ್ರತಿಯೊಂದು ಪಾವತಿ ವಾಹಿನಿಯನ್ನೂ ಬಿಡಿಯಾಗಿ ಕೊಳ್ಳುವ ಹಕ್ಕು ಗ್ರಾಹಕನಿಗಿದೆ. 2022ರ ತಿದ್ದುಪಡಿಯಂತೆ, ಗುಚ್ಛದಲ್ಲಿ ಸೇರುವ ಯಾವ ವಾಹಿನಿಯ ಬಿಡಿದರವೂ ತೆರಿಗೆ ಬಿಟ್ಟು 19 ರೂಪಾಯಿಗಳನ್ನು ಮೀರುವಂತಿಲ್ಲ. ಅಂಥ ಮೂರು ವಾಹಿನಿಗಳನ್ನು ಆಯ್ದುಕೊಂಡರೆ ಹೆಚ್ಚೆಂದರೆ 57 ರೂಪಾಯಿ. ಶೇಕಡಾ 18ರ ತೆರಿಗೆ ಸೇರಿ ಸುಮಾರು 67 ರೂಪಾಯಿ. ಇದರ ಜೊತೆಗೆ ಸಂಪರ್ಕಜಾಲದ ಮೂಲ ಶುಲ್ಕವನ್ನು ತೆರಬೇಕು. ಈ ಮೂಲ ಶುಲ್ಕಕ್ಕೆ ಮೊದಲು ಮಿತಿಯಿತ್ತು; 2024ರ ಜುಲೈಯಲ್ಲಿ ಆ ಮಿತಿಯನ್ನು ತೆಗೆದುಹಾಕಲಾಯಿತು. ಆದುದರಿಂದ ಇಬ್ಬರು ಮೂವರು ಸೇವಾದಾರರ ದರಗಳನ್ನು ಹೋಲಿಸುವುದು ಮೊದಲಿಗಿಂತ ಈಗ ಹೆಚ್ಚು ಅಗತ್ಯ. ಐದಾರು ವಾಹಿನಿಗಳು ಒಂದೇ ಸಂಸ್ಥೆಯವಾಗಿದ್ದರೆ ಕೆಲವೊಮ್ಮೆ ಗುಚ್ಛವೇ ಅಗ್ಗವಾಗುತ್ತದೆ. ಎರಡನ್ನೂ ಕೂಡಿ ನೋಡಿಯೇ ತೀರ್ಮಾನಿಸಬೇಕು.

ಚಂದನ ಸಾಕೆನ್ನುವವರಿಗೆ ಪ್ರಸಾರ ಭಾರತಿಯ ಡಿ.ಡಿ. ಫ್ರೀ ಡಿಷ್ ಇದೆ. 2004ರಲ್ಲಿ ಬೇರೆ ಹೆಸರಿನಿಂದ ಆರಂಭವಾದ ಈ ಸೇವೆಗೆ ತಿಂಗಳ ಶುಲ್ಕವಿಲ್ಲ. ತಟ್ಟೆ ಮತ್ತು ಪೆಟ್ಟಿಗೆಗೆ ಒಮ್ಮೆ ಹಣ ಕೊಟ್ಟರಾಯಿತು. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯನ್ನೂ ಇಂದು ಆಕಾಶವಾಣಿಯ ಮೊಬೈಲ್ ಆ್ಯಪ್‌ನಲ್ಲಿ ಪುಣೆಯಲ್ಲಿ ಕುಳಿತೇ ಕೇಳಬಹುದು.

ಮಲಗುವ ಕೋಣೆಯ ಎರಡನೆಯ ದೂರದರ್ಶನಕ್ಕೆ ಪ್ರತ್ಯೇಕ ಶುಲ್ಕವಿರುವುದನ್ನು ಅನೇಕರು ಗಮನಿಸಿರುವುದಿಲ್ಲ. ಆ ಸಂಪರ್ಕವನ್ನು ಬಿಟ್ಟರೆ ಹಣವೂ ಉಳಿಯುತ್ತದೆ, ನಿದ್ರೆಯೂ ಉಳಿಯುತ್ತದೆ.

ವೇಗದ ಮೋಹ

ಅಂತರ್ಜಾಲದವರು 200, 300 ಎಂ.ಬಿ.ಪಿ.ಎಸ್. ಎಂದು ವೇಗದ ಆಸೆ ತೋರಿಸುತ್ತಾರೆ. ಸ್ಪಷ್ಟವಾದ ಎಚ್.ಡಿ. ಚಿತ್ರವನ್ನು ನೋಡಲು ಸುಮಾರು 5 ಎಂ.ಬಿ.ಪಿ.ಎಸ್. ಸಾಕು. ನಾಲ್ವರು ಏಕಕಾಲಕ್ಕೆ ನೋಡಿದರೂ 20 ಆಯಿತು. ಆದುದರಿಂದ ಸಾಧಾರಣ ಕುಟುಂಬಕ್ಕೆ 40 ಅಥವಾ 50ರ ವೇಗ ಧಾರಾಳ. ಒಳಕೋಣೆಯಲ್ಲಿ ಜಾಲ ಸಿಗುತ್ತಿಲ್ಲವೆಂದು ವೇಗ ಹೆಚ್ಚಿಸಿಕೊಳ್ಳುವವರುಂಟು. ಅಲ್ಲಿ ದೋಷ ಬಹುಮಟ್ಟಿಗೆ ಗೋಡೆಗಳದು; ರೌಟರನ್ನು ಮನೆಯ ನಡುಭಾಗದಲ್ಲಿ ಎತ್ತರದಲ್ಲಿಟ್ಟರೆ ಖರ್ಚಿಲ್ಲದೆ ಪರಿಹಾರವಾಗುವುದುಂಟು. ಜಾಹೀರಾತಿನಲ್ಲಿ ಕಾಣುವ ದರಕ್ಕೆ ಶೇಕಡಾ 18ರ ತೆರಿಗೆ ಸೇರುತ್ತದೆಂಬುದನ್ನೂ ಮರೆಯಬಾರದು. ಸೊಸಾಯಿಟಿಯ ಹತ್ತು ಮನೆಯವರು ಕೂಡಿ ಕೇಳಿದರೆ, ಒಬ್ಬರೇ ಕೇಳಿದಾಗ ಸಿಗದ ರಿಯಾಯಿತಿ ಸಿಗಬಹುದು.

ತಾನಾಗಿ ಕಡಿತವಾಗುವ ಹಣ

ಸಿನಿಮಾ, ಧಾರಾವಾಹಿಗಳ ಚಂದಾಗಳು ತಿಂಗಳು ತಿಂಗಳು ಖಾತೆಯಿಂದ ತಾವಾಗಿ ಕಡಿತವಾಗುತ್ತವೆ. ಮಗನು ಒಂದು ಕ್ರಿಕೆಟ್ ಪಂದ್ಯಕ್ಕಾಗಿ ಆರಂಭಿಸಿದ ಚಂದಾ ಎರಡು ವರ್ಷ ನಡೆದ ಉದಾಹರಣೆಗಳು ನಮಗೆ ಕಾಣಸಿಗುತ್ತವೆ. ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರಿನಿಂದ ಪೂರ್ಣವಾಗಿ ಜಾರಿಯಲ್ಲಿದ್ದು, ಇಂಥ ಕಡಿತಕ್ಕೆ 24 ಗಂಟೆ ಮೊದಲೇ ಸೂಚನೆ ಬರಬೇಕು. ಆ ಸಂದೇಶವನ್ನು ಓದದೆ ಅಳಿಸಬೇಡಿ. ಬೇಡವಾದುದನ್ನು ಅಲ್ಲಿಯೇ ನಿಲ್ಲಿಸುವ ದಾರಿಯಿರುತ್ತದೆ. ಯು.ಪಿ.ಐ. ಆ್ಯಪ್‌ನ ಆಟೋಪೇ ವಿಭಾಗದಲ್ಲಿ ನೀವು ಕೊಟ್ಟ ಅನುಮತಿಗಳ ಪಟ್ಟಿಯಿದ್ದು, ಅಲ್ಲಿಯೂ ರದ್ದುಪಡಿಸಬಹುದು. ಏಕಕಾಲಕ್ಕೆ ಒಂದೇ ಚಂದಾ, ಅದು ಮುಗಿದ ಮೇಲೆ ಇನ್ನೊಂದು ಎಂಬ ನಿಯಮವನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಒಳಿತು. ನಾವು ಕೇಳದ ಹಾಡು, ಜ್ಯೋತಿಷ್ಯ ಮುಂತಾದ ಹೆಚ್ಚುವರಿ ಸೇವೆಗಳಿಗೆ ಮೊಬೈಲಿನಲ್ಲಿ ಹಣ ಕಡಿತವಾಗುತ್ತಿದ್ದರೆ 155223ಕ್ಕೆ ಕರೆ ಮಾಡಿ ನಿಲ್ಲಿಸಬಹುದು.

ಒಂದು ಮಾದರಿ ಲೆಕ್ಕ

ದರಗಳು ಬದಲಾಗುತ್ತಲೇ ಇರುವುದರಿಂದ ಕೆಳಗಿನ ಅಂಕಿಗಳನ್ನು ಲೆಕ್ಕದ ರೀತಿಯನ್ನು ತೋರಿಸುವ ಉದಾಹರಣೆಯೆಂದಷ್ಟೇ ತಿಳಿಯಬೇಕು. ದಂಪತಿಗಳು, ಕಾಲೇಜಿಗೆ ಹೋಗುವ ಮಗಳು, ಅಜ್ಜಿ, ಹೀಗೆ ನಾಲ್ವರ ಕುಟುಂಬ. ನಾಲ್ಕು ಫೋನುಗಳಿಗೂ 28 ದಿನಕ್ಕೆ 349 ರೂಪಾಯಿಯಂತೆ ಹದಿಮೂರು ಬಾರಿ: 18,148. ಅಂತರ್ಜಾಲ 699 ಮತ್ತು ತೆರಿಗೆ, ವರ್ಷಕ್ಕೆ 9,898. ದೂರದರ್ಶನ ತಿಂಗಳಿಗೆ 400ರಂತೆ 4,800. ಚಂದಾಗಳು 3,000. ಒಟ್ಟು 35,846 ರೂಪಾಯಿ.

ಈಗ ಅಜ್ಜಿಗೆ ಮಾತಿನ ವಾರ್ಷಿಕ ಯೋಜನೆ 1,850. ದಂಪತಿಗಳಿಗೆ ಕಡಿಮೆ ಡೇಟಾದ ವಾರ್ಷಿಕ ಯೋಜನೆ 2,250ರಂತೆ 4,500. ಮಗಳಿಗೆ ಹಿಂದಿನಂತೆಯೇ 4,537. ಅಂತರ್ಜಾಲ 499 ಮತ್ತು ತೆರಿಗೆಯಂತೆ 7,066. ಆಯ್ದ ವಾಹಿನಿಗಳಿಗೆ ತಿಂಗಳಿಗೆ 250ರಂತೆ 3,000. ಚಂದಾ 1,200. ಒಟ್ಟು 22,153 ರೂಪಾಯಿ. ಯಾರ ಮಾತೂ ನಿಲ್ಲಲಿಲ್ಲ, ಯಾರ ಓದಿಗೂ ಅಡ್ಡಿಯಾಗಲಿಲ್ಲ. ಉಳಿದದ್ದು ವರ್ಷಕ್ಕೆ 13,693 ರೂಪಾಯಿ.

ಉಳಿಸಬಾರದ ಕಡೆ ಉಳಿತಾಯ

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತನ್ನು ಹೇಳದಿದ್ದರೆ ಲೇಖನ ಅಪೂರ್ಣವಾದೀತು. ಕೆಲವು ವರ್ಷಗಳ ಹಿಂದೆ ನಮ್ಮ ಶಾಖೆಗೆ ನಿವೃತ್ತ ಶಿಕ್ಷಕಿಯೊಬ್ಬರು ಬರುತ್ತಿದ್ದರು. ಅವರಲ್ಲಿ ಎರಡು ಸಿಮ್‌ಗಳಿದ್ದವು. ಎರಡೇತಕ್ಕೆಂದು ಹಳೆಯದಕ್ಕೆ ಹಣ ತುಂಬುವುದನ್ನು ನಿಲ್ಲಿಸಿದರು. ಖಾತೆಗೂ ಆಧಾರಿಗೂ ಜೋಡಿಸಿದ್ದುದು ಆ ಹಳೆಯ ಸಂಖ್ಯೆಯೇ ಎಂಬುದು ಅವರಿಗೆ ನೆನಪಿರಲಿಲ್ಲ. ತಿಂಗಳುಗಳ ನಂತರ ಠೇವಣಿಯ ಹಣ ಬೇಕಾಗಿ ಬಂದಾಗ ಒ.ಟಿ.ಪಿ. ಬರಲೊಲ್ಲದು. ವಿಚಾರಿಸಿದಾಗ ಆ ಸಂಖ್ಯೆ ಬೇರೆ ಯಾರಿಗೋ ಹಂಚಿಕೆಯಾಗಿತ್ತು; ಅವರ ಖಾತೆಯ ಸಂದೇಶಗಳೆಲ್ಲ ಅಪರಿಚಿತರೊಬ್ಬರ ಕೈಗೆ ಹೋಗುತ್ತಿದ್ದವು. ದೈವವಶಾತ್ ಹಣ ಹೋಗಲಿಲ್ಲ. ಆದರೆ ಕಾಗದಪತ್ರಗಳು ಸರಿಯಾಗುವವರೆಗೆ ಆ ವೃದ್ಧ ಮಹಿಳೆ ಕೌಂಟರಿನ ಮುಂದೆ ಕುಳಿತು, “ತಿಂಗಳಿಗೆ ನೂರೈವತ್ತು ಉಳಿಸೋಣಂದ್ರೆ ಹಿಂಗಾತಲ್ಲ ಸಾಹೇಬ್ರ” ಎಂದು ಕಣ್ಣೊರೆಸಿಕೊಂಡುದನ್ನು ನಾನು ಮರೆತಿಲ್ಲ.

ಆದುದರಿಂದ ಯಾವುದೇ ಸಂಖ್ಯೆಯನ್ನು ಬಿಡುವ ಮುನ್ನ ಬ್ಯಾಂಕು, ಆಧಾರ್, ಪಿಂಚಣಿ, ವಿಮೆ, ಗ್ಯಾಸ್ ಇವುಗಳಲ್ಲಿ ಹೊಸ ಸಂಖ್ಯೆಯನ್ನು ದಾಖಲಿಸಿ, ಹೊಸ ಸಂಖ್ಯೆಗೆ ಸಂದೇಶ ಬಂದದ್ದನ್ನು ಕಣ್ಣಾರೆ ನೋಡಬೇಕು. ಮನೆಯ ಹಿರಿಯರ ಫೋನಿನ ಅವಧಿ ಮುಗಿಯುವ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸಿಡಬೇಕು. ಊರಿನಲ್ಲಿ ಒಬ್ಬರೇ ಇರುವ ತಂದೆತಾಯಿಗಳ ವಿಷಯದಲ್ಲಂತೂ ಇದು ಔಷಧಿಯಷ್ಟೇ ಮುಖ್ಯ. ಹಳೆಯ ತಾಮ್ರದ ತಂತಿಯ ದೂರವಾಣಿಗೆ ವಿದ್ಯುತ್ತು ಎಕ್ಸ್‌ಚೇಂಜಿನಿಂದಲೇ ಬರುತ್ತಿತ್ತು. ಇಂದಿನ ಫೈಬರ್ ದೂರವಾಣಿಯಾದರೋ ಮನೆಯ ಕರೆಂಟು ಹೋದರೆ ಮೂಕವಾಗುತ್ತದೆ. ರಾತ್ರಿ 112ಕ್ಕೋ 108ರ ಆಂಬುಲೆನ್ಸಿಗೋ ಕರೆ ಮಾಡಬೇಕಾದ ಮನೆಯಲ್ಲಿ ಚಾರ್ಜಾದ ಮೊಬೈಲೊಂದು ಇರಲೇಬೇಕು.

ದೂರಿನ ದಾರಿ

ಬಿಲ್ಲಿನಲ್ಲಿ ತಪ್ಪಿದ್ದರೆ ಮೊದಲು ಕಂಪನಿಯ ದೂರು ಕೇಂದ್ರಕ್ಕೆ ತಿಳಿಸಿ ದೂರಿನ ಸಂಖ್ಯೆಯನ್ನು ಬರೆದುಕೊಳ್ಳಬೇಕು. ಪರಿಹಾರ ದೊರೆಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಶುಲ್ಕವಿಲ್ಲದೆ ಮನವಿ ಸಲ್ಲಿಸಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ದೂರಸಂಪರ್ಕ ಕಂಪನಿಗಳ ವಿರುದ್ಧ ಗ್ರಾಹಕ ಆಯೋಗಕ್ಕೆ ಹೋಗಬಹುದೆಂದು ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ಸ್ಪಷ್ಟಪಡಿಸಿದೆ.

ಉಳಿಸಿದ ಹಣ ಮತ್ತೊಂದು ಸೋರಿಕೆಗೆ ದಾರಿಯಾಗಬಾರದು. ಈ ಸಂಚಿಕೆಯಲ್ಲಿ ವೈದ್ಯ ಮಹನೀಯರು ರಕ್ತದೊತ್ತಡ, ಮಧುಮೇಹಗಳ ಬಗ್ಗೆ ಬರೆಯುವಾಗ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿಕೊಳ್ಳಿರೆಂದು ಹೇಳಿಯೇ ಹೇಳುತ್ತಾರೆ. “ಹಣವೆಲ್ಲಿ?” ಎಂಬುದು ನಮ್ಮ ಮಧ್ಯಮ ವರ್ಗದ ಮಾಮೂಲು ಉತ್ತರ. ಹಣ ಇಲ್ಲಿದೆ. ಉಳಿದ ಮೊತ್ತವನ್ನು ತಿಂಗಳಿಗೆ ಸಾವಿರದಂತೆ ಆವರ್ತಕ ಠೇವಣಿಗೆ ಹಾಕಿದರೆ ಹಿರಿಯರ ತಪಾಸಣೆಗೂ, ಆರೋಗ್ಯ ವಿಮೆಯ ಕಂತಿನ ಒಂದು ಭಾಗಕ್ಕೂ ಒದಗುತ್ತದೆ. ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ರದ್ದಾಗಿರುವುದೂ ಅನುಕೂಲವೇ. ಬರುವ ಭಾನುವಾರ ಮನೆಮಂದಿಯೆಲ್ಲ ಒಂದು ಗಂಟೆ ಕುಳಿತು ಪಾಸ್‌ಬುಕ್ಕನ್ನೂ ಹಾಳೆಯನ್ನೂ ಮುಂದಿಟ್ಟುಕೊಳ್ಳಲಿ. ಆ ಒಂದು ಗಂಟೆ ದೂರದರ್ಶನ ಆರಿರಲಿ. ಉಳಿತಾಯ ಅಲ್ಲಿಂದಲೇ ಆರಂಭವಾಗುತ್ತದೆ.