ನಿಪ್ಪಾಣಿಯ ಹೊಗೆಸೊಪ್ಪೂ ಒಂದು ಚಲಚ್ಚಿತ್ರವೂ

ಯಲಬುರ್ಗಾ ಸೀಮೆಯ ಮಂಗಳೂರಿನವರಾಗಲಿ, ಕುಷ್ಟಗಿ ಗಂಗಾವತಿಗಳವರಾಗಲಿ, ಹಿಂದೆ ಚಿತ್ರಮಂದಿರಕ್ಕೆ ಹೋಗಿದ್ದವರಿಗೆ ಒಂದು ಸಂಗತಿ ನೆನಪಿರಬಹುದು. ಕಥಾಚಿತ್ರ ಮೊದಲಾಗುವುದಕ್ಕೆ ಮುಂಚೆ ಸರ್ಕಾರದ ಒಂದು ಕಿರುಚಿತ್ರವನ್ನು ತೋರಿಸುತ್ತಿದ್ದರು. ಅಣೆಕಟ್ಟು, ಗೊಬ್ಬರದ ಕಾರ್ಖಾನೆ, ಮಂತ್ರಿಗಳ ಪ್ರವಾಸ, ಪ್ರವಾಹ; ಇವುಗಳ ಮೇಲೆ ಗಂಭೀರವಾದ ಒಂದು ಗಂಡುದನಿ ವ್ಯಾಖ್ಯಾನ ಮಾಡುತ್ತಿತ್ತು. ಇಂಥ ಚಿತ್ರಗಳಿಗಾಗಿಯೇ ಭಾರತ ಸರ್ಕಾರವು 1948ರಲ್ಲಿ ಮುಂಬಯಿಯಲ್ಲಿ ಫಿಲ್ಮ್ಸ್ ಡಿವಿಜನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿತು. ಅದರ ಚಿತ್ರಗಳನ್ನು ತೋರಿಸುವುದು ಚಿತ್ರಮಂದಿರಗಳಿಗೆ ಬಹುಕಾಲ ಕಡ್ಡಾಯವಾಗಿತ್ತು. ಕಡ್ಡಾಯವಾದದ್ದರಲ್ಲಿ ಜನರಿಗೆ ರುಚಿ ಕಡಮೆ. ಆ ಹೊತ್ತಿನಲ್ಲಿ ಹೊರಗೆ ನಿಂತು ಬೀಡಿ ಸೇದುತ್ತಿದ್ದವರೂ ಉಂಟು.

ಆ ಬೀಡಿಯ ಹೊಗೆಸೊಪ್ಪನ್ನು ಹದಮಾಡಿದ ಕೈಗಳು ಯಾರವು? ಈ ಪ್ರಶ್ನೆಯನ್ನೆತ್ತಿಕೊಂಡ ಚಿತ್ರವೊಂದು 1982ರಲ್ಲಿ, ನಮ್ಮದೇ ಬೆಳಗಾವಿ ಜಿಲ್ಲೆಯ ನಿಪ್ಪಾಣಿಯಲ್ಲಿ ತಯಾರಾಯಿತು. ಅದನ್ನು ನಿರ್ದೇಶಿಸಿದವರು ದೀಪಾ ಧನರಾಜ್. ಹೈದರಾಬಾದಿನಲ್ಲಿ ಹುಟ್ಟಿ ಬೆಂಗಳೂರನ್ನು ನೆಲೆಯಾಗಿ ಮಾಡಿಕೊಂಡ ಈ ನಿರ್ದೇಶಕಿಯ ವೃತ್ತಿಜೀವನವನ್ನು ನೋಡಿದರೆ, ಸಾಕ್ಷ್ಯಚಿತ್ರವೆಂಬುದು ನಮ್ಮ ದೇಶದಲ್ಲಿ ಸರ್ಕಾರದ ದನಿಯಿಂದ ಬಿಡಿಸಿಕೊಂಡು ಬೇರೆಯವರ ದನಿಗೆ ಹೇಗೆ ಎಡೆಕೊಟ್ಟಿತೆಂಬುದು ತಿಳಿಯುತ್ತದೆ.

1980ರಲ್ಲಿ ದೀಪಾ ಅವರೂ ಆಭಾ ಭಯ್ಯಾ, ಮೀರಾ ರಾವ್, ಛಾಯಾಗ್ರಾಹಕ ನವರೋಜ್ ಕಾಂಟ್ರಾಕ್ಟರ್ ಇವರೂ ಸೇರಿ ‘ಯುಗಾಂತರ’ವೆಂಬ ಚಿತ್ರಮಂಡಲಿಯನ್ನು ಕಟ್ಟಿದರು. ನವರೋಜ್ ಅವರು ಮಣಿ ಕೌಲರ ‘ದುವಿಧಾ’ ಚಿತ್ರಕ್ಕೆ ಛಾಯಾಗ್ರಹಣ ಮಾಡಿ ಆಗಲೇ ಹೆಸರಾಗಿದ್ದವರು. ಮಂಡಲಿಯ ಮೊದಲ ಚಿತ್ರ 1981ರ ‘ಮೋಲ್ಕರೀಣ್’. ಪುಣೆಯಲ್ಲಿ ಮನೆಗೆಲಸದ ಹೆಂಗಸರು ಮುಷ್ಕರ ಹೂಡಿ ಸಂಘ ಕಟ್ಟಿಕೊಂಡ ಕಥೆ. ಎರಡನೆಯದೇ ನಿಪ್ಪಾಣಿಯ ಚಿತ್ರ, ‘ತಂಬಾಖೂ ಚಾಕಿಲಾ ಊಬ್ ಆಲೀ’. ಮರಾಠಿಯಲ್ಲಿ ‘ಊಬ್’ ಎಂದರೆ ಕಾವು. ಒಟ್ಟಿದ ಸೊಪ್ಪು ಒಳಗೊಳಗೇ ಬೆಚ್ಚಗಾಗುವುದನ್ನು ಬಲ್ಲವರಿಗೆ ಈ ಹೆಸರಿನ ಔಚಿತ್ಯವನ್ನು ವಿವರಿಸಬೇಕಾಗಿಲ್ಲ.

ನಿಪ್ಪಾಣಿ ಗಡಿಯ ಊರು. ಕನ್ನಡ ಮರಾಠಿಗಳೆರಡೂ ಅಲ್ಲಿ ಬೀದಿಯ ಭಾಷೆಗಳು. ಸುತ್ತಲಿನ ಹೊಲಗಳ ಹೊಗೆಸೊಪ್ಪು ಅಲ್ಲಿಯ ಕಾರ್ಖಾನೆಗಳಿಗೆ ಬಂದು, ಬಡಿದು, ಪುಡಿಮಾಡಿ, ಜರಡಿ ಹಿಡಿದ ಮೇಲೆ ಬೀಡಿಗೆ ಯೋಗ್ಯವಾಗುತ್ತದೆ. ಈ ಕೆಲಸ ಮಾಡುತ್ತಿದ್ದವರು ಸಾವಿರಾರು ಮಂದಿ ಹೆಂಗಸರು. ಮೂಗು ಬಾಯಿಗಳಿಗೆ ಸೆರಗು ಸುತ್ತಿಕೊಂಡರೂ ಧೂಳು ಬಿಡುತ್ತಿರಲಿಲ್ಲ. ಕೂಲಿ ಅತ್ಯಲ್ಪ, ದುಡಿಮೆಯ ಹೊತ್ತು ದೀರ್ಘ. ಇವರು ಎದ್ದು ನಿಂತು ಮುಷ್ಕರ ಹೂಡಿದರು, ಸಂಘವನ್ನು ಕಟ್ಟಿದರು. 1981ರಲ್ಲಿ ಇದೇ ಊರಿನ ಬಳಿ ಹೊಗೆಸೊಪ್ಪಿನ ಬೆಲೆಗಾಗಿ ರೈತರು ರಸ್ತೆ ತಡೆದು ಕುಳಿತು, ಗೋಲಿಬಾರಿನಲ್ಲಿ ಪ್ರಾಣ ಕಳೆದುಕೊಂಡದ್ದನ್ನು ಪತ್ರಿಕೆಗಳು ದೊಡ್ಡಕ್ಷರಗಳಲ್ಲಿ ಬರೆದವು. ಕಾರ್ಖಾನೆಯೊಳಗಿನ ಹೆಂಗಸರ ಕಡೆಗೆ ಅಷ್ಟು ಕಣ್ಣುಗಳು ತಿರುಗಲಿಲ್ಲ. ಯುಗಾಂತರದವರು ಹೋದದ್ದು ಅಲ್ಲಿಗೆ.

ಹೋದವರು ಕೂಡಲೇ ಯಂತ್ರವನ್ನು ತಿರುಗಿಸಲಿಲ್ಲ. ತಿಂಗಳುಗಳ ಕಾಲ ಹೆಂಗಸರೊಡನೆ ಬಳಕೆ ಬೆಳಸಿ, ಅವರು ಹೇಳಿದ್ದನ್ನು ಕೇಳಿ, ಏನನ್ನು ತೋರಿಸಬೇಕೆಂಬುದನ್ನು ಅವರೊಡನೆ ಕುಳಿತು ಚರ್ಚಿಸಿದರು. ಇದಕ್ಕೆ ತತ್ತ್ವದ ಕಾರಣವೊಂದು, ಫಿಲ್ಮಿನ ಕಾರಣವೊಂದು. ಎರಡನೆಯದನ್ನು ಈ ಕಾಲದವರಿಗೆ ಬಿಡಿಸಿ ಹೇಳಬೇಕು. 16 ಮಿಲಿಮೀಟರ್ ಫಿಲ್ಮಿನ 400 ಅಡಿಯ ಸುರುಳಿ, ಸೆಕೆಂಡಿಗೆ 24 ಚಿತ್ರಗಳಂತೆ ಓಡಿದರೆ, ಸುಮಾರು 11 ನಿಮಿಷಕ್ಕೆ ಮುಗಿದುಹೋಗುತ್ತದೆ. ಅದನ್ನು ಕೊಳ್ಳಬೇಕು, ಪ್ರಯೋಗಶಾಲೆಯಲ್ಲಿ ತೊಳೆಸಬೇಕು, ಪ್ರತಿ ತೆಗೆಸಬೇಕು. ಪ್ರತಿ ಅಡಿಗೂ ದುಡ್ಡು. ಈಗ ಕೈಯೊಳಗಿನ ಫೋನಿನಲ್ಲಿ ಗಂಟೆಗಟ್ಟಲೆ ಚಿತ್ರ ಹಿಡಿದು ಬೇಡವಾದದ್ದನ್ನು ಅಳಿಸಿಬಿಡಬಹುದು. ಆಗ ಹಾಗಿರಲಿಲ್ಲ. ಏನನ್ನು ಹಿಡಿಯಬೇಕೆಂಬುದನ್ನು ಮೊದಲೇ ಅರಿತವನಿಗೆ ಮಾತ್ರ ಆ 11 ನಿಮಿಷ ಸಾಲುತ್ತಿತ್ತು. ಬಡತನವೇ ಇಲ್ಲಿ ತಾಳ್ಮೆಯನ್ನು ಕಲಿಸಿತೆಂದರೂ ತಪ್ಪಲ್ಲ.

ತತ್ತ್ವದ ಕಾರಣ ಇನ್ನೂ ಮುಖ್ಯವಾದುದು. ಮುಷ್ಕರದಲ್ಲಿರುವ ಹೆಂಗಸು ಚಿತ್ರದಲ್ಲಿ ಮುಖ ತೋರಿಸಿದರೆ, ನಾಳೆ ಮಾಲೀಕನೂ ಅದನ್ನು ನೋಡಬಹುದು. ನಿರ್ದೇಶಕಿ ಪೆಟ್ಟಿಗೆ ಕಟ್ಟಿಕೊಂಡು ಬೆಂಗಳೂರಿಗೆ ಹಿಂದಿರುಗುತ್ತಾಳೆ. ಆ ಹೆಂಗಸು ಬೆಳಗಾದರೆ ಅದೇ ಬಾಗಿಲಲ್ಲಿ ನಿಲ್ಲಬೇಕು. ಆದಕಾರಣ ಅವಳ ಒಪ್ಪಿಗೆಯೆಂಬುದು ಒಂದು ಸಲ ತಲೆಯಾಡಿಸಿದರೆ ಮುಗಿಯುವ ಮಾತಲ್ಲ. ಸುಮಾರು 25 ನಿಮಿಷಗಳ ಈ ಕಪ್ಪುಬಿಳುಪಿನ ಚಿತ್ರದಲ್ಲಿ ಹೆಂಗಸರು ತಮ್ಮ ಬಾಳನ್ನು ತಾವೇ ಹೇಳಿಕೊಳ್ಳುತ್ತಾರೆ. ಮೇಲಿನಿಂದ ವ್ಯಾಖ್ಯಾನಿಸುವ ಗಂಭೀರ ದನಿಗೆ ಅಲ್ಲಿ ಕೆಲಸವಿಲ್ಲ. ಸಿದ್ಧವಾದ ಚಿತ್ರವನ್ನು ಪ್ರದರ್ಶನ ಯಂತ್ರದೊಡನೆ ಹೊತ್ತುಕೊಂಡು ಹೋಗಿ ಸಂಘಗಳಲ್ಲಿಯೂ ಕೇರಿಗಳಲ್ಲಿಯೂ ತೋರಿಸುವುದು, ಮುಗಿದ ಮೇಲೆ ಮಾತನಾಡಲು ಕೂರುವುದು, ಇದು ಯುಗಾಂತರದ ಪದ್ಧತಿ. ಚಿತ್ರಮಂದಿರದ ಹಂಗು ಅದಕ್ಕಿರಲಿಲ್ಲ.

1983ರಲ್ಲಿ ಇನ್ನೆರಡು ಚಿತ್ರಗಳಾದವು: ಹೈದರಾಬಾದಿನ ಸ್ತ್ರೀಶಕ್ತಿ ಸಂಘಟನೆಯೊಡನೆ ಸೇರಿ, ಮನೆಯೊಳಗಿನ ಹಿಂಸೆಯನ್ನು ಕುರಿತು ಕಥಾರೂಪದಲ್ಲಿ ಮಾಡಿದ ತೆಲುಗಿನ ‘ಇದಿ ಕಥಾ ಮಾತ್ರಮೇನಾ’, ಚಿಪ್ಕೋ ಚಳವಳಿಯ ಹೆಣ್ಣುಮಗಳೊಬ್ಬಳ ‘ಸುದೇಶಾ’. ಆಮೇಲೆ ಬಂದದ್ದು 1986ರ ‘ಕ್ಯಾ ಹುವಾ ಇಸ್ ಶಹರ್ ಕೋ’. ಕೊಪ್ಪಳ ಸೀಮೆಯವರು ಇದನ್ನು ವಿಶೇಷ ಆಸಕ್ತಿಯಿಂದ ನೋಡತಕ್ಕದ್ದು. 1956ರವರೆಗೂ ಅವರಿಗೆ ಹೈದರಾಬಾದೇ ರಾಜಧಾನಿಯಾಗಿತ್ತಲ್ಲವೆ! 1984ರಲ್ಲಿ ಆ ನಗರದಲ್ಲಿ ನಡೆದ ಮತೀಯ ಗಲಭೆಯ ನಡುವೆ ತೆಗೆದ ಈ ಚಿತ್ರ, ಜನರು ತಾವಾಗಿ ಹೊಡೆದಾಡಿಕೊಂಡರೆಂಬ ಮಾತನ್ನು ಒಪ್ಪುವುದಿಲ್ಲ. ಬೆಂಕಿಯ ಹಿಂದಿನ ರಾಜಕೀಯದ ಲೆಕ್ಕಾಚಾರವನ್ನು ಹುಡುಕಿಕೊಂಡು ಹೋಗುತ್ತದೆ.

1991ರ ‘ಸಮ್‌ಥಿಂಗ್ ಲೈಕ್ ಎ ವಾರ್’ ಹೊರದೇಶಗಳಲ್ಲಿಯೂ ಅವರಿಗೆ ಹೆಸರು ತಂದಿತು. 1952ರಲ್ಲಿ ಆರಂಭವಾದ ನಮ್ಮ ಕುಟುಂಬ ಯೋಜನೆಯು ಗುರಿ ಮುಟ್ಟುವ ಭರದಲ್ಲಿ ಹೆಂಗಸರ ದೇಹವನ್ನು ಹೇಗೆ ನಡೆಸಿಕೊಂಡಿತೆಂಬುದು ಅದರ ವಿಷಯ. ಒಂದು ಕಡೆ, ಸಂತಾನಹರಣ ಶಸ್ತ್ರಚಿಕಿತ್ಸೆಯ ಶಿಬಿರದಲ್ಲಿ ತನ್ನ ಕೈಯ ವೇಗವನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ವೈದ್ಯ. ಇನ್ನೊಂದು ಕಡೆ, ವೃತ್ತವಾಗಿ ಕುಳಿತು ತಮ್ಮ ದೇಹದ ನಕ್ಷೆಯನ್ನು ತಾವೇ ಬರೆದು, ನಗುತ್ತ ಮಾತನಾಡುವ ಹೆಂಗಸರು. ವೈದ್ಯನನ್ನು ಹಳಿಯುವ ಒಂದು ಮಾತನ್ನೂ ನಿರ್ದೇಶಕಿ ಸೇರಿಸಬೇಕಾಗಲಿಲ್ಲ. ಆದರೂ ಚಿತ್ರವಾಗಿ ನಾನು ಮೇಲೆಂದೆಣಿಸುವುದು ನಿಪ್ಪಾಣಿಯದನ್ನೇ. ಇಲ್ಲಿ ವಾದ ಗಟ್ಟಿಯಾಗಿದೆ, ಅಲ್ಲಿ ಜೊತೆಗಾರಿಕೆ ಗಟ್ಟಿಯಾಗಿದೆ.

ಮುಂದಿನ ಚಿತ್ರಗಳಲ್ಲಿ ಎರಡನ್ನು ಹೆಸರಿಸುವೆನು. ತಮಿಳುನಾಡಿನ ಮುಸಲ್ಮಾನ ಹೆಂಗಸರು ತಮ್ಮದೇ ಜಮಾತ್ ಸ್ಥಾಪಿಸಿ ನ್ಯಾಯ ವಿಚಾರಣೆ ನಡೆಸುವುದನ್ನು 2011ರ ‘ಇನ್ವೋಕಿಂಗ್ ಜಸ್ಟಿಸ್’ ತೋರಿಸುತ್ತದೆ. 2016ರ ಜನವರಿಯಲ್ಲಿ ಹೈದರಾಬಾದಿನ ವಿಶ್ವವಿದ್ಯಾಲಯದಲ್ಲಿ ರೋಹಿತ್ ವೇಮುಲ ತೀರಿಕೊಂಡ ಬಳಿಕ ಎದ್ದ ವಿದ್ಯಾರ್ಥಿ ಚಳವಳಿಯನ್ನು ಕುರಿತದ್ದು 2018ರ ‘ವಿ ಹ್ಯಾವ್ ನಾಟ್ ಕಮ್ ಹಿಯರ್ ಟು ಡೈ’.

ಫಿಲ್ಮು ಬಹು ನಾಜೂಕಾದ ವಸ್ತು. ಊರೂರು ಸುತ್ತಿದ ಪ್ರತಿಗಳಿಗೆ ಗೀರು ಬೀಳುತ್ತದೆ, ಸೆಕೆಗೆ ಅವು ಕೆಡುತ್ತವೆ. ಯುಗಾಂತರದ ಚಿತ್ರಗಳು ಬಹಳ ವರ್ಷ ಕಾಣಸಿಗುವುದೇ ದುರ್ಲಭವಾಗಿತ್ತು. ಬರ್ಲಿನಿನ ಆರ್ಸೆನಾಲ್ ಸಂಸ್ಥೆಯವರು ಅವುಗಳನ್ನು ಈಚೆಗೆ ಜೀರ್ಣೋದ್ಧಾರ ಮಾಡಿದ್ದಾರೆ. ನವರೋಜ್ ಕಾಂಟ್ರಾಕ್ಟರ್ ಅವರು 2023ರ ಜೂನ್‌ನಲ್ಲಿ ರಸ್ತೆಯ ಅಪಘಾತದಲ್ಲಿ ತೀರಿಕೊಂಡರು. ಅವರು ಹಿಡಿದ ನಿಪ್ಪಾಣಿಯ ಹೆಂಗಸರ ಮುಖಗಳು ಈಗ ಮತ್ತೆ ತೆರೆಯ ಮೇಲೆ ಸ್ಪಷ್ಟವಾಗಿ ಕಾಣುತ್ತವೆ.